ಪೈಪಿನ ಬಾಯಿಗೆ ಗೋಣಿ

ಅವತ್ತು ನಾನು ತಮ್ಮನ ಕೈ ಹಿಡಿದು ಎಳೆದುಕೊಳ್ಳಲಿಲ್ಲ. ಇವತ್ತು ಬಟ್ಟೆ ಒಗೆಯುವ ಬಚ್ಚಲಿನ ಹಳೇ ಪೈಪನ್ನು ಪ್ಲಂಬರ್ ಒಡೆದಾಗ ಎದ್ದ ಕೊಳೆತ ಸೋಪಿನ ವಾಸನೆಗೆ ಅದೆಲ್ಲ ನೆನಪಾಯಿತು.

ಚಿಕ್ಕವಳಿದ್ದಾಗ, ಹಾವು ಬಾರದಂತೆ ನೀರು ಹೊರಹೋಗುವ ಆ ಪೈಪಿನ ಬಾಯಿಗೆ ಗೋಣಿ ತುರುಕುವುದು ನನ್ನ ಕೆಲಸವಾಗಿತ್ತು. "ಮರೀಬೇಡ ಮಾರಾಯ್ತಿ," ಎನ್ನುತ್ತಿದ್ದರು ಅಜ್ಜಿ. ಒಂದು ದಿನ ಮರೆತೆ. ಮಧ್ಯಾಹ್ನ ನಾವಿಬ್ಬರೂ ಕಾಲು ತೊಳೆಯುವಾಗ ಪೈಪಿನಿಂದ ನಾಗರಹಾವು ತಲೆ ಎತ್ತಿತು. ನಾನೊಬ್ಬಳೇ ಹೊರಗೋಡಿ ಚಿಲಕ ಹಾಕಿಬಿಟ್ಟೆ.

"ಅಕ್ಕಾ, ತೆಗಿಯೇ!" ಎಂದು ತಮ್ಮ ಬಾಗಿಲು ಬಡಿದ. ಆಮೇಲೆ ಸದ್ದೇ ಇಲ್ಲ.

ಅಜ್ಜಿ ಬಂದು ತೆಗೆದಾಗ ಹಾವು ಹೋಗಿತ್ತು. ಅವನು ಒಗೆಯುವ ಕಲ್ಲಿನ ಮೇಲೆ ಒದ್ದೆ ಚಡ್ಡಿಯಲ್ಲಿ ನಡುಗುತ್ತಿದ್ದ. "ಚಿಲಕ ತಾನಾಗೇ ಬಿತ್ತು," ಎಂದೆ.

ಇವತ್ತು ಪ್ಲಂಬರ್ ಹೊಸ ಪೈಪಿಗೆ ಜಾಲರಿ ಕೂರಿಸಿದರು. ತಮ್ಮ ಹೊಸಿಲಾಚೆಯೇ ನಿಂತು, "ಇನ್ನು ಬರಲ್ವಲ್ಲ?" ಎಂದು ಕೇಳಿದ.

"ಚಿಲಕ ಹಾಕಿದ್ದು ನಾನೇ ಕಣೋ," ಎಂದೆ. "ತಪ್ಪಾಯ್ತು."