ತಿಥಿಗೆ ಆಗುವ ಏಡಿ

ಕಾಗೆಗಳೆಲ್ಲ ಅಳಿದ ಮೇಲೆ, ತಿಥಿಯ ಅನ್ನವನ್ನು ಮನೆಯ ಉಪ್ಪುನೀರಿನ ಅಕ್ವೇರಿಯಂಗೆ ಹಾಕುವುದು ರೂಢಿಯಾಗಿತ್ತು. ತಳ ಗುಡಿಸುವ ಜೀವಿ ಅನ್ನ ಮುಟ್ಟಿದರೆ ಹಿರಿಯರು ತೃಪ್ತರು. ಯಮುನಕ್ಕನ ಮನೆಯಲ್ಲಿ ಎರಡು ವರ್ಷದಿಂದ ಯಾವುದೂ ಮುಟ್ಟಿರಲಿಲ್ಲ. ಅನ್ನ ಕೊಳೆತು ಹವಳವೆಲ್ಲ ಬಿಳಿಚಿಕೊಂಡಿತ್ತು. ತೀರಿಹೋದ ಅಪ್ಪನಿಗೆ ಸಿಟ್ಟು ಎಂದು ನೆಂಟರು ತೀರ್ಮಾನಿಸಿದ್ದರು.

"ಸಿಟ್ಟೂ ಇಲ್ಲ, ಎಂತದೂ ಇಲ್ಲ," ಎಂದ ಅಕ್ವೇರಿಯಂ ಅಂಗಡಿಯ ಸೇಸಪ್ಪ. "ನೀವು ಬರೀ ಬಸವನಹುಳ ಬಿಟ್ಟದ್ದಲ್ವಾ ಅಕ್ಕ? ಅದು ಪಾಚಿ ಬಿಟ್ಟು ಬೇರೆ ತಿನ್ನುದಿಲ್ಲ."

"ಶುದ್ಧ ಸಸ್ಯಾಹಾರಿ ಅಂತ ನಾನೇ ಆರಿಸಿದ್ದು. ಅಪ್ಪ ಮೊಟ್ಟೆ ಸಹ ಮುಟ್ಟಿದವರಲ್ಲ."

"ಈ ಶಂಖ ಹೊತ್ತ ಏಡಿ ತಕೊಳ್ಳಿ. ಎಂತ ಹಾಕಿದ್ರೂ ತಿಂತದೆ."

"ಎಂತ ಹಾಕಿದ್ರೂ ತಿನ್ನುದಾದ್ರೆ ಅಪ್ಪ ಅಂತ ಗೊತ್ತಾಗುದು ಹೇಗೆ?"

ಯಮುನಕ್ಕ ಮನೆಯಿಂದಲೇ ತಂದಿದ್ದ ಎಳ್ಳು ಕಲಸಿದ ಅನ್ನದ ಉಂಡೆಯನ್ನು ಏಡಿಗಳ ಟ್ಯಾಂಕಿಗೆ ಹಾಕಿದಳು. ನಾಲ್ಕು ಏಡಿಗಳು ಮುಗಿಬಿದ್ದು ತಿಂದವು. ಬಾಯಿ ಒಡೆದ ಶಂಖ ಹೊತ್ತಿದ್ದ ಐದನೆಯದು ತನ್ನ ಪಾಲನ್ನು ಮೂಲೆಗೆ ಎಳೆದುಕೊಂಡು ಹೋಯಿತು. ಎಳ್ಳನ್ನು ಒಂದೊಂದಾಗಿ ಹೆಕ್ಕಿ ಬದಿಗಿಟ್ಟಿತು. ಆಮೇಲೆ ನಿಧಾನವಾಗಿ ಉಣ್ಣತೊಡಗಿತು.

"ಅದು ಬೇಡ ಅಕ್ಕ," ಎಂದ ಸೇಸಪ್ಪ. "ಆರಿಸಿ ತಿನ್ನುವ ಚಾಳಿ ಉಂಟು. ಟ್ಯಾಂಕ್ ಕ್ಲೀನ್ ಆಗುದಿಲ್ಲ."

ಯಮುನಕ್ಕ ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

"ಆ ಚಾಳಿಗೆ ಅಮ್ಮ ನಲವತ್ತು ವರ್ಷ ಬೈದ್ರು, ಬಿಡ್ಲಿಲ್ಲ. ಇವರನ್ನೇ ಕಟ್ಟಿಕೊಡಿ."