ಹೊಲಿಗೆ ಯಂತ್ರದ ಮೇಜು

ಕೊನೆಯ ಸ್ವರವನ್ನು ಒತ್ತಿ ಬೆರಳೆತ್ತಿದಾಗ ವಿದ್ಯಾಳಿಗೆ ಹೊಳೆಯಿತು: ಇಂದು ಬೆನ್ನು ನೋಯಲೇ ಇಲ್ಲ. ಎರಡು ವರ್ಷ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಹಾರ್ಮೋನಿಯಂ ನುಡಿಸುವವರಂತೆ ಪಿಯಾನೊ ಕೀಬೋರ್ಡಿನ ಮೇಲೆ ಬಾಗಿದ ಬೆನ್ನದು. “ಕೀಬೋರ್ಡ್ ಮೊಳಕೈ ಮಟ್ಟಕ್ಕ ಏರಸದಿದ್ರ ಪರೀಕ್ಷಾತನಕ ನಿನ್ನ ಬೆನ್ನು ಉಳಿಯಂಗಿಲ್ಲವ್ವಾ,” ಎಂದು ಪಿಯಾನೊ ಕಲಿಸುವ ಹಾನಗಲ್ಲಿನ ಮಾಸ್ತರರು ಎಚ್ಚರಿಸಿದ್ದರು. ಆ ಎತ್ತರದ ಮೇಜು ಮನೆಯಲ್ಲಿದ್ದುದು ಒಂದೇ, ಅಕ್ಕ ನಾಗರತ್ನಾಳ ಹೊಲಿಗೆ ಯಂತ್ರದ್ದು. ಬೆಳಿಗ್ಗೆ ಅಕ್ಕನೇ ಯಂತ್ರವನ್ನು ಕಳಚಿ ಮೇಜು ಬಿಟ್ಟುಕೊಟ್ಟಿದ್ದಳು.

“ಅಕ್ಕಾ, ಬೆನ್ನಿನ ಬ್ಯಾನಿ ಹೋತು!” ಎಂದು ವಿದ್ಯಾ ಹಿಂದಿರುಗಿ ನೋಡಿದಳು.

ಯಂತ್ರವನ್ನು ಮಣೆಯ ಮೇಲಿಟ್ಟುಕೊಂಡು ಅಕ್ಕ ನೆಲದಲ್ಲಿ ಕುಳಿತಿದ್ದಳು. ಒಂದು ಕೈಯಿಂದ ಗಾಲಿ ತಿರುಗಿಸುತ್ತ, ಇನ್ನೊಂದರಿಂದ ಯಾರದೋ ಮದುವೆಯ ಕುಪ್ಪಸವನ್ನು ಸೂಜಿಯಡಿ ನೂಕುತ್ತ, ಹಣೆ ಮೊಣಕಾಲಿಗೆ ತಾಗುವಷ್ಟು ಬಾಗಿದ್ದಳು. ನಿನ್ನೆಯವರೆಗೆ ವಿದ್ಯಾ ನೋವಿಗೆಂದು ನಡುವಿಗೆ ಬಿಗಿದುಕೊಳ್ಳುತ್ತಿದ್ದ ಹಳೆಯ ದುಪಟ್ಟಾ ಈಗ ಅಕ್ಕನ ನಡುವಿನಲ್ಲಿತ್ತು.

“ನಿನ್ನ ಟೇಬಲ್ ನೀನ ತಗೋ ಅಕ್ಕಾ.”

“ಪರೀಕ್ಷಾ ಮುಗೀಲಿ, ಮಹಾರಾಣಿ. ಮದ್ಲ ನೆಟ್ಟಗ ಕುಂತು ಬಾರಸು,” ಎಂದಳು ಅಕ್ಕ, ತಲೆಯೆತ್ತದೆ.

ವಿದ್ಯಾ ನೆಟ್ಟಗೆ ಕುಳಿತಳು. ಬೆನ್ನಿನಲ್ಲಿ ನೋವಿನ ಒಂದೆಳೆಯೂ ಇರಲಿಲ್ಲ. ಬೆರಳುಗಳು ಮಾತ್ರ ಕೀಬೋರ್ಡಿನತ್ತ ಏಳಲಿಲ್ಲ.