ಕಿತ್ತಳೆ ಸಿಪ್ಪೆಯ ಪಾಕ

"ಹಿತ್ತಲಿನ ಮರ ಕಡಿಸಿಬಿಟ್ಟೆ ಅಕ್ಕಾ, ಕಾರು ನಿಲ್ಲಿಸೋಕೆ ಜಾಗ ಇರಲಿಲ್ಲ," ಎಂದ ತಮ್ಮ, ತಟ್ಟೆಯಲ್ಲಿ ಆರಲು ಹಾಕಿದ್ದ ಸಕ್ಕರೆ ಸಿಪ್ಪೆಯೊಂದನ್ನು ಬಾಯಿಗೆ ಎಸೆದುಕೊಂಡ. ಪಾಕ ಕಲಕುತ್ತಿದ್ದ ಅಕ್ಕನ ಕೈಯಲ್ಲಿ ಸೌಟು ಹಾಗೇ ನಿಂತಿತು. ಅದು ತವರುಮನೆಯಲ್ಲಿ ಅಮ್ಮ ನೆಟ್ಟ ಕಿತ್ತಳೆ ಮರ. ಅದರ ಹಣ್ಣಿನ ಸಿಪ್ಪೆಯ ಕಹಿ ಬಿಡಿಸಲೆಂದು, ಅಮ್ಮ ಕಲಿಸಿದಂತೆಯೇ, ಅವಳು ಮೂರು ದಿನ ನೀರು ಬದಲಿಸಿದ್ದಳು.

"ಚೆನ್ನಾಗಿದೆ. ಮುಂದಿನ ವರ್ಷ ಇನ್ನೊಂದಿಷ್ಟು ಜಾಸ್ತಿ ಮಾಡು," ಎಂದು ಅವನು ಬೆರಳು ನೆಕ್ಕಿದ.

"ಹಣ್ಣೆಲ್ಲಿಂದ ತರಲಿ? ನಿನ್ನ ಕಾರು ಬಿಡುತ್ತಾ?" ಅವಳು ಅವನ ಮುಂದಿನ ತಟ್ಟೆಯನ್ನು ಎಳೆದುಕೊಂಡಳು. "ಕೊಡಲಿ ಹಾಕೋ ಮುಂಚೆ ನನ್ನನ್ನ ಒಂದು ಮಾತು ಕೇಳೋಕೆ ನಿನ್ನ ಗಂಟೇನು ಹೋಗ್ತಿತ್ತು?"

"ಭಾವನನ್ನ ಕೇಳಿದ್ನಲ್ಲ! ಹೋದ ವಾರವೇ ಹೂಂ ಅಂದ್ರು."

ಬಾಗಿಲಲ್ಲಿದ್ದ ಗಂಡ ನೆಲ ನೋಡಿದ. ಹೋದ ವಾರ ಅವಳು ಹಣ್ಣು ಕೀಳುವಾಗ ಏಣಿ ಹಿಡಿದು ನಿಂತವನು ಅವನೇ. "ಒಂದನ್ನೂ ಬಿಡಬೇಡ, ಕಾಯಿಯನ್ನೂ ಕಿತ್ಕೋ," ಎಂದು ಮೇಲೆ ನೋಡಿ ನಕ್ಕಿದ್ದ. ಈಗ, "ನಿಂಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಕಣೇ," ಎಂದು ಗೊಣಗಿದ.

ಅವಳು ಸೌಟನ್ನು ಕಟ್ಟೆಯ ಮೇಲಿಟ್ಟು, ಒಲೆಯ ಉರಿಯನ್ನು ಪೂರ್ತಿ ಏರಿಸಿ, ಕೈಕಟ್ಟಿ ನಿಂತಳು. ಪಾಕ ನೊರೆಯೆದ್ದು ಕಂದಾಯಿತು, ಕಪ್ಪಾಯಿತು; ಸುಟ್ಟ ವಾಸನೆಯ ಹೊಗೆ ಅಡುಗೆಮನೆ ತುಂಬಿತು.

"ತಳ ಹಿಡೀತಿದೆ ಕಣೇ, ಆರಿಸಲಾ?" ಎಂದ ಗಂಡ.

"ಅಕ್ಕಾ, ಆರಿಸಲಾ?" ಎಂದ ತಮ್ಮ.

ಇಬ್ಬರೂ ಅಪ್ಪಣೆಗಾಗಿ ಅವಳ ಮುಖವನ್ನೇ ನೋಡುತ್ತ ನಿಂತರು. ಅವಳು ಕೊಡಲಿಲ್ಲ.